ನಾಲ್ಕಾಣೆ

ಮೂವತ್ತು ವರ್ಷ ನಾಲ್ಕಾಣೆಯಲ್ಲಿ
ವಿಮಾನದ ರೆಕ್ಕೆ ತಟ್ಟಿ ನೋಡಿದವನು ನಾನು.
ಟಣ್ ಅಂದರೆ ಗಟ್ಟಿ,
ಡಬ್ ಅಂದರೆ ಒಳಗೆ ಪದರ ಬಿಟ್ಟಿದೆ.
ಹಲಸು ತಟ್ಟಿದ ಹಾಗೇ, ದೊಡ್ಡ ವಿದ್ಯೆಯೇನಲ್ಲ.
ಈಗ ಕಿವಿಗೆ ಎರಡೂ ಒಂದೇ.

ಮುರುಗೇಶಪಾಳ್ಯದ ಶೆಡ್ಡಿನಲ್ಲಿ ಇವತ್ತು
ಶಾಹಿದಾ ದೀಪ ಆರಿಸಿದಳು.
ಬಾಗಿಲ ಸಂದಿಗೆ ಗೋಣಿ ತುರುಕಿದ್ದೆವು.
"ಹತ್ತು ನಿಮಿಷ ಸುಮ್ಮನಿರಿ ಅಂತೋಣಪ್ಪ,
ಕಣ್ಣು ಪಳಗಲಿ."

ಜಾಕು ಏರಿತು. ಕತ್ತಲಲ್ಲೇ ರೆಕ್ಕೆ ಬಾಗಿತು.
ಅವಳು ಬಳಿದಿದ್ದ ಬಣ್ಣದಲ್ಲಿ
ಮೂರನೇ ರಿವೆಟ್ಟಿನ ಪಕ್ಕ
ಹಸಿರು.
ಕೂದಲೆಳೆಯಷ್ಟು,
ಮಿಣುಕುಹುಳವನ್ನು ಯಾರೋ ಒರೆಸಿದ ಹಾಗೆ.
ಆಮೇಲೆ ಇಲ್ಲ.

"ಕಂಡಿತಾ?"
ಕ್ಯಾಮೆರಾಗೂ ಕಂಡಿತ್ತು, ನನಗೂ.

ದೀಪ ಹಾಕಿದರೆ ಅಲ್ಲಿ ಬರೀ ನುಣುಪು.
ಜೇಬಿನಿಂದ ನಾಣ್ಯ ತೆಗೆದು ತಟ್ಟಿದೆ.
ಕಿವಿ ಏನೂ ಹೇಳಲಿಲ್ಲ.
ಬೆರಳು ಹೇಳಿತು: ಡಬ್.
ಅವಳು ಸೀಮೆಸುಣ್ಣದಲ್ಲಿ ಸುತ್ತು ಹಾಕಿಕೊಂಡಳು,
ನಾಣ್ಯದ ಸುತ್ತಲೇ.

ಸಂಜೆ ಬಸ್ಸಿನ ಕೊನೇ ಸೀಟು.
ಕಿಟಕಿಗಾಜಿಗೆ ಮೂಲೆಯಿಂದ ಮೂಲೆಗೆ ಬಿರುಕು,
ದೊಮ್ಮಲೂರಿನ ಪ್ರತಿ ಹಂಪಿಗೂ ನಡುಗುತ್ತಿತ್ತು.
ಎರಡು ಅಂಗೈ ಮುಚ್ಚಿ ಕತ್ತಲು ಮಾಡಿ
ಹಣೆ ಒತ್ತಿ ಇಣುಕಿದೆ.

ಕಂಡಕ್ಟರು ಬಂದು ಭುಜ ತಟ್ಟಿದ.
ಟಿಕೇಟು ಅಂದನೋ,
ಹುಷಾರಿದ್ದೀರಾ ಅಂದನೋ.