ಪುಟ ನಾನೂರ ಹನ್ನೆರಡು

ರಾತ್ರಿ ಎರಡೂ ಮುಕ್ಕಾಲು. ಮುಹರ್ರಕ್ಕಿನ ಈ ಔಷಧದಂಗಡಿಯಲ್ಲಿ
ಎಸಿಯ ಗೊರಗೊರ, ನಾನು, ಮತ್ತು ಯೆರ್ದಾ.
ಯೆರ್ದಾ ಈಗಷ್ಟೇ ಹೋದಳು.
ದೀಪ ಹಿಡಿದೇ ಹೋದಳು, ಉಪ್ಪಿನ ಬಾಗಿಲ ಆಚೆಗೆ,
ಒಳಗಿನಿಂದ ಅಗುಳಿ ಹಾಕಿಕೊಂಡು,
ಈಚೆಗಿದ್ದ ಎಂಟು ಜನ ಬದುಕಲೆಂದು.
ಆ ಎಂಟರಲ್ಲಿ ಹಾಲ್ವೆಕ್ ಕೂಡ ಇದ್ದಾನೆ. ಅವನೂ ಬದುಕಬೇಕೆ?

ಮೇಲಿನ ಕ್ಲಿನಿಕ್ಕಿನ ನರ್ಸ್ ರೊವೆನಾ
ಪುಸ್ತಕ ಕೈಗಿಡುವಾಗಲೇ ಹೇಳಿದ್ದಳು:
"ಮೊದಲನೆಯದು ಓಡಿಸುತ್ತದೆ. ಎರಡನೆಯದು ಹೊಡೆಯುತ್ತದೆ."
ಮೂರನೆಯದು ಅವಳ ಕಪಾಟಿನಲ್ಲಿ. ಕಪಾಟಿನ ಕೀಲಿ
ಅವಳ ಜೊತೆ ಇಲೊಯಿಲೊಗೆ ಹೋಗಿದೆ, ನಲವತ್ತೈದು ದಿನದ ರಜೆ.
ಫೋನಿನಲ್ಲಿ ಹುಡುಕಿದರೆ ಕೊನೆ ಸಿಗುತ್ತದೆ, ಗೊತ್ತು.
ಹೆಬ್ಬೆರಳು ಎರಡು ಸಲ ಹೋಗಿ ಬಂತು,
ಗಾಯದ ಹಕ್ಕಳೆ ಮುಟ್ಟಿ ಮುಟ್ಟಿ ನೋಡುವ ಮಕ್ಕಳ ಹಾಗೆ.

ಬರೆದವನ ಮೇಲೆ ಸಿಟ್ಟು.
ಮುನ್ನೂರು ಪುಟ ಅವಳಿಗೆ ಕೆಮ್ಮು ಕೊಟ್ಟೆಯಲ್ಲ ಮಾರಾಯ,
ಜೇನಿನ ಆಸೆ ಕೊಟ್ಟೆ, ಎಡಗಾಲಿಗೆ ಒಂದು ಸಡಿಲ ಚಪ್ಪಲಿ ಕೊಟ್ಟೆ;
ಕಳಿಸಿಬಿಡುವವಳಿಗೆ ಇಷ್ಟೆಲ್ಲ ಯಾಕೆ ಕೊಟ್ಟೆ?
ಆ ಕೆಮ್ಮಿಗೆ ನನ್ನ ಬೆನ್ನ ಹಿಂದೆ
ಮೂರು ಬಗೆಯ ಸಿರಪ್ ಇದೆ.

ಗಾಜಿನ ಬಾಗಿಲು ಕಿಣಿಗುಟ್ಟಿತು. ಬಿಳಿ ತೋಬಿನ ಮುದುಕರು.
ಮೊಮ್ಮಗಳಿಗೆ ಜ್ವರ. ತೂಕ ಕೇಳಿದೆ, ಬಾಟಲಿ ಕೊಟ್ಟೆ,
ಎಷ್ಟು ಎಮ್ಮೆಲ್ಲು ಅಂತ ಬೆರಳಿಟ್ಟು ತೋರಿಸಿದೆ.
ಅವರು ದುಡ್ಡು ತೆಗೆಯದೆ ನನ್ನ ಕಣ್ಣೇ ನೋಡುತ್ತಿದ್ದರು.
"ಯಾರಾದರೂ ತೀರಿಕೊಂಡರೇ?"
ಇಲ್ಲ ಅನ್ನಬೇಕಿತ್ತು. ನನ್ನ ಅರಬ್ಬಿಯಲ್ಲಿ
ಮಾತ್ರೆಗೆ ಶಬ್ದವಿದೆ, ಹೊಟ್ಟೆನೋವಿಗೆ ಇದೆ,
ಕಥೆಯ ಹುಡುಗಿಗಾಗಿ ಅಳುವುದಕ್ಕೆ ಇಲ್ಲ.
ಹೌದು ಅಂದೆ.
"ಹೆಸರು?"
"ಯೆರ್ದಾ."
ನಾಲಿಗೆಯ ಮೇಲೆ ಒಮ್ಮೆ ಹೊರಳಿಸಿ ನೋಡಿದರು. ಅಂಗೈ ಎತ್ತಿ
"ಅಲ್ಲಾಹ್ ಯರ್ಹಮ್ಹಾ" ಅಂದರು. "ದೇಹ ಊರಿಗೆ ಕಳಿಸಿದರೇ?"
ಇಲ್ಲಿ ಎಲ್ಲರೂ ಕೇಳುವುದೇ ಅದು: ಕಾಗದಪತ್ರ, ಪೆಟ್ಟಿಗೆ, ಕಾರ್ಗೊ.
"ದೇಹ ಸಿಗಲಿಲ್ಲ" ಅಂದೆ.
ಅಷ್ಟಂತೂ ಸುಳ್ಳಲ್ಲ.

ಮುದುಕರು ಸ್ಟೂಲು ಎಳೆದು ಕೂತರು. ಮನೆಯಲ್ಲಿ ಮಗು ಸುಡುತ್ತಿತ್ತು, ಆದರೂ ಕೂತರು.
"ನನ್ನಜ್ಜನದೂ ಸಿಗಲಿಲ್ಲ. ಮುತ್ತಿಗೆ ಮುಳುಗಿದವರು.
ಹಗ್ಗ ಹಗುರಾಗಿ ಮೇಲೆ ಬಂತಂತೆ.
ಅಜ್ಜಿ ಸಾಯುವ ತನಕ 'ಅವರಿಗೆ ಹಮೂರ್ ಅಂದರೆ ಇಷ್ಟ' ಅನ್ನುತ್ತಿದ್ದಳು.
ಇಷ್ಟವಿತ್ತು ಅಂತ ಒಮ್ಮೆಯೂ ಅನ್ನಲಿಲ್ಲ."
ಎದ್ದರು. ಚಿಲ್ಲರೆ ಬೇಡವೆಂದರು.

ನಾಚಿಕೆ ಆಮೇಲೆ ಬಂತು, ಕಿವಿಯಿಂದ ಶುರುವಾಗಿ.
ನಿಜಕ್ಕೂ ಮುಳುಗಿದ ಒಬ್ಬರ ಎದುರು
ಕಾಗದದ ಹುಡುಗಿಯ ಸೂತಕ ಹಿಡಿದು ಕೂತೆನಲ್ಲ.
ಗಂಗೊಳ್ಳಿಯಿಂದ ದೊಡ್ಡಪ್ಪನ ಸುದ್ದಿ ಬಂದ ದಿನ
ಇದೇ ಕೌಂಟರಿನಲ್ಲಿ ಮಾತ್ರೆ ಎಣಿಸುತ್ತಿದ್ದೆ.
ಒಂದೂ ತಪ್ಪಿರಲಿಲ್ಲ.

ಮತ್ತೆ ಪುಟ ನಾನೂರ ಹನ್ನೆರಡು.
ಸತ್ತಳು ಅಂತ ಇಂಗ್ಲಿಷಿನಲ್ಲಿ ಎಲ್ಲಿಯೂ ಇಲ್ಲ;
ದೀಪ ಕಾಣದಾಯಿತು, ಅಷ್ಟೇ.
ಅಗುಳಿ ಹಾಕುವ ಮುನ್ನ ಅವಳದು ಒಂದೇ ಮಾತು: ಹೋಗುತ್ತೇನೆ.
ಹಾಗೆ ಅನ್ನಬಾರದು ಮಾರಾಯ್ತಿ. ನಮ್ಮಲ್ಲಿ
ಗಾಳಿ ಎದ್ದ ದಿನ ದೋಣಿ ಇಳಿಸುವವನೂ ಹಾಗನ್ನುವುದಿಲ್ಲ.
ಪೆನ್ಸಿಲ್ ತೆಗೆದು ಅಂಚಿನಲ್ಲಿ ತಿದ್ದಿದೆ, ಕನ್ನಡದಲ್ಲಿ,
ರೊವೆನಾ ಬೈದರೆ ಬೈಯಲಿ:
ಬರ್ತೇನೆ.

ಆಗ ಕಂಡಿತು, ಸಿರಪ್ಪಿನ ಅಳತೆಯ ಮುಚ್ಚಳ
ಮೇಜಿನ ಮೇಲೇ ಉಳಿದಿದೆ.
ಬಾಗಿಲು ತಳ್ಳಿ ಓಡಿದೆ. ಹೊರಗೆ ಒದ್ದೆ ಬಟ್ಟೆಯಂಥ ಸೆಕೆ.
ಗಲ್ಲಿಯ ತಿರುವಿನಲ್ಲಿ ಅವರ ಕಾರಿನ ಕೆಂಪು ದೀಪ
ಇನ್ನೂ ಕಾಣುತ್ತಿತ್ತು.
ಕೂಗಿದೆ.