ಎರಡು ಪುಟದ ಅರ್ಜಿ

ನನ್ನ ಹೆಸರು ನಿಯೇವೆಸ್. ಅಜ್ಜಿಯ ಸ್ಪ್ಯಾನಿಷ್‌ನಲ್ಲಿ ಹಾಗೆಂದರೆ ಹಿಮ.
ಹಿಮ ಕಾಣದ ಊರಲ್ಲಿ ಇಟ್ಟ ಹೆಸರು.
ಪಶ್ಚಿಮ ಟೆಕ್ಸಸ್ಸಿನ ಬೋಳು ಬಯಲು ಇದು,
ಮೆಸ್ಕೀಟ್ ಮುಳ್ಳು, ಸುಣ್ಣದ ಧೂಳು,
ಏನು ಕೇಳಿದರೂ ಹೂಂ ಹೂಂ ಎಂದು
ತಲೆಯಾಡಿಸುವ ಎಣ್ಣೆಯ ಪಂಪು.

ಗ್ಯಾಸ್ ಕಂಪನಿಯಲ್ಲಿ ಕಾಗದ ಪತ್ರ ನೋಡಿಕೊಳ್ಳುವವಳು ನಾನು.
ನವೆಂಬರಿನಲ್ಲೊಂದು ಅರ್ಜಿ ಬಂದಿತ್ತು ಕರೆಂಟಿನವರಿಂದ. ಎರಡೇ ಪುಟ.
‘ಏನೇ ಆದರೂ ನಾವು ಕಳಚಬಾರದ ಮೀಟರು ನಿಮ್ಮಲ್ಲಿ ಯಾವುವು?’
ಕಾಫಿ ಲೋಟದ ಅಡಿಗಿಟ್ಟೆ.
ಹೊರಗೆ ಬಿಸಿಲಿತ್ತು. ಬಿಸಿಲಲ್ಲಿ ಯಾವ ಅರ್ಜಿಯೂ ಅವಸರದ್ದಲ್ಲ.

ಫೆಬ್ರವರಿಯ ಭಾನುವಾರ ಉತ್ತರದ ಗಾಳಿ
ಬೇಲಿ ಹಾರಿ ಬಂತು, ಬಾಗಿಲು ತಟ್ಟಲಿಲ್ಲ.
ಎಷ್ಟೋ ಬಾವಿಗಳ ಬಾಯಲ್ಲೇ ಗ್ಯಾಸು ಹೆಪ್ಪುಗಟ್ಟಿತು.
ಗ್ಯಾಸಲ್ಲ, ಯುಲಾಲಿಯೊ ತಿದ್ದಿದ, ಗ್ಯಾಸಿನ ಜೊತೆ ಬರುವ ನೀರು.
ಜೊತೆಗೆ ಬಂದದ್ದೇ ಕತ್ತು ಹಿಸುಕಿತು.

ಇನ್ನೂರು ಮೈಲಿಯಾಚೆ, ಕಿಟಕಿಯಿಲ್ಲದ ಕೋಣೆಯೊಂದರಲ್ಲಿ
ಅರವತ್ತರ ಮೇಲೆ ನಿಲ್ಲಬೇಕಾದ ಅಂಕಿ
ಐವತ್ತೊಂಬತ್ತೂಕಾಲಿಗೆ ಜಾರಿತಂತೆ.
ಅಲ್ಲಿ ಕೂತವನಿಗೆ ಇದ್ದದ್ದು ಕೆಲವೇ ನಿಮಿಷ.
ನಾಡಿಗೆ ನಾಡೇ ಮುಳುಗುವ ಬದಲು ನಾಲ್ಕು ಬೀದಿ ಆರಲಿ ಎಂದು
ಪಟ್ಟಿ ನೋಡಿ ಒಂದೊಂದೇ ಫೀಡರು ಕಳಚುತ್ತ ಬಂದ.
ಹದಿನಾಲ್ಕನೆಯದು: ಖಾಲಿ ಬಯಲು, ಯಾರದೋ ಶೆಡ್ಡು.
ಕಳಚಿದ.

ಆ ಶೆಡ್ಡು ನಮ್ಮದು.
ಒಳಗೆ ಮೂರು ಕಂಪ್ರೆಸರು, ಕರೆಂಟಿನಿಂದ ಓಡುವಂಥವು.
ಅವು ಒತ್ತಿ ನೂಕಿದ ಗ್ಯಾಸು ಕೊಳವೆಗುಂಟ ಹೋಗಿ
ಅದೇ ಕರೆಂಟಿನವರ ಸ್ಥಾವರದಲ್ಲಿ ಉರಿಯುವಂಥದು.
ಹುಚ್ಚು ಬಿಡದೆ ಮದುವೆಯಿಲ್ಲ, ಮದುವೆಯಾಗದೆ ಹುಚ್ಚು ಬಿಡದು.
ಗ್ಯಾಸಿಲ್ಲವೆಂದು ಕರೆಂಟು ತೆಗೆದರು,
ಕರೆಂಟಿಲ್ಲವೆಂದು ಗ್ಯಾಸು ನಿಂತಿತು,
ಗ್ಯಾಸು ನಿಂತಿತೆಂದು ಇನ್ನೂ ನಾಲ್ಕು ಬೀದಿ.
ಯಾರೂ ತಪ್ಪು ಮಾಡಲಿಲ್ಲ. ಕೈಗೆ ಕೊಟ್ಟ ಪಟ್ಟಿ ನೋಡಿಯೇ ಮಾಡಿದರು.
ಪಟ್ಟಿಯಲ್ಲಿ ನಾವಿರಲಿಲ್ಲ.

ರಾತ್ರಿ ಎರಡಕ್ಕೆ ಯುಲಾಲಿಯೊ ಫೋನು ಮಾಡಿದ,
ಪಿಕಪ್ಪಿನ ಹೀಟರಿನ ಮುಂದೆ ಬೆರಳು ಹಿಡಿದು:
‘ವಾಲ್ವು ಸರಿಯಿದೆ, ಯಂತ್ರ ಸರಿಯಿದೆ.
ನಾವು ಯಾರು ಅಂತ ಅವರಿಗೆ ಸ್ವಲ್ಪ ಹೇಳು.’
ಹೇಳಲು ಫೋನು ಮಾಡಿದೆ. ಕಾಯಿರಿ ಎಂದು ಸಂಗೀತ ಹಾಕಿದರು.
ಪಿಟೀಲು ಕೇಳುತ್ತ ನಲವತ್ತು ನಿಮಿಷ
ಬ್ಯಾಟರಿ ಇಳಿಯುವುದನ್ನು ನೋಡಿದೆ.

ಪಕ್ಕದ ಮನೆಯ ಓಪಲ್ ಟಟಲ್‌ಗೆ ಎಂಬತ್ತೊಂದು.
ಮೂಗಿಗೆ ನಳಿಗೆ, ಗೋಡೆಗೆ ಪ್ಲಗ್ಗು.
ಉಸಿರಿನ ಯಂತ್ರ ನಿಂತಾಗ ಎಚ್ಚರಾಯಿತಂತೆ, ಸದ್ದಿಗಲ್ಲ, ಸದ್ದಿಲ್ಲದ್ದಕ್ಕೆ.
ಮಂಚದಡಿಯಿಂದ ಸಣ್ಣ ಸಿಲಿಂಡರು ಎಳೆದೆ.
ಅವಳ ಹಿತ್ತಲಿನಾಚೆ, ಹೆಪ್ಪುಗಟ್ಟದೆ ಉಳಿದ ಬಾವಿಯ ಬಳಿ
ಕಳಿಸಲು ದಾರಿಯಿಲ್ಲದ ಗ್ಯಾಸನ್ನು
ಎತ್ತರದ ಕೊಳವೆಯ ತುದಿಯಲ್ಲಿ ಸುಡುತ್ತಿದ್ದರು.
ಆಕಾಶವೇ ಕಿತ್ತಳೆ. ಅದರ ಬೆಳಕಿನಲ್ಲಿ
ಮುಳ್ಳು ಎಷ್ಟರಲ್ಲಿದೆ ಎಂದು ಓದುತ್ತ ಬೆಳಗು ಮಾಡಿದೆವು.
‘ಎಷ್ಟು ಚೆನ್ನಾಗಿ ಉರೀತಿದೆ ನೋಡು’ ಅಂದಳು.

ಓಪಲ್ ಉಳಿದಳು. ಆಚೆ ಬೀದಿಯಲ್ಲಿ ಒಬ್ಬರು ಉಳಿಯಲಿಲ್ಲ.
ಅವರ ಹೆಸರು ನಾನು ಕೇಳಿಲ್ಲ.

ಶುಕ್ರವಾರ ಆಫೀಸು. ಲೋಟ ಅಲ್ಲೇ ಇತ್ತು,
ತಳದಲ್ಲಿ ಕಪ್ಪು ಮಂಜುಗಡ್ಡೆ. ಎತ್ತಿದರೆ ಅರ್ಜಿಯೂ ಮೇಲೆದ್ದು ಬಂತು.
ಬಿಡಿಸಿದೆ. ಕಂದು ಉಂಗುರದೊಳಗೆ ಮೀಟರು ಸಂಖ್ಯೆ ಬರೆದೆ, ಹನ್ನೊಂದು ಅಂಕಿ.
ಕೊನೆಯ ಪ್ರಶ್ನೆ: ‘ಈ ಮೀಟರು ನಿಂತರೆ ತೊಂದರೆ ಯಾರಿಗೆ?’
ಉತ್ತರಕ್ಕೆ ಬಿಟ್ಟ ಜಾಗ ಒಂದೂವರೆ ಅಂಗುಲ.
‘ನಿಮಗೆ’ ಎಂದು ಬರೆದೆ.

ಹೊರಗೆ ಮತ್ತೆ ಬಿಸಿಲು.
ಲೋಟವನ್ನು ಎಲ್ಲಿಡುವುದೋ ತೋಚದೆ
ಬಹಳ ಹೊತ್ತು ಕೈಯಲ್ಲೇ ಹಿಡಿದಿದ್ದೆ.