ಮೂಲೆಮಟ್ಟ

ನಲವತ್ತೊಂದು ವರ್ಷ ಮಂಡಿಯೂರಿದ್ದೇನೆ ಪೋರ್ಟೊದ ನೆಲಗಳ ಮೇಲೆ.
ಇಗರ್ಜಿಯಲ್ಲೂ, ಹೌದು; ದೇವರಿಗಲ್ಲ,
ಪೀಠದ ಹಿಂದೆ ಹನ್ನೆರಡು ಟೈಲು ಎದ್ದಿದ್ದವು.

ಎಕ್ಸ್-ರೇ ಹಿಡಿದು ಡಾಕ್ಟರ್ ಲಿಯೊನೋರ್ ಅಂದರು:
ಎಲುಬಿಗೆ ಎಲುಬು ಉಜ್ಜುತ್ತಿದೆ, ನಡುವೆ ಏನೂ ಉಳಿದಿಲ್ಲ.
ಅರ್ಥವಾಯಿತು. ಸಂದಿಗೆ ಗಾರೆ ತುಂಬದೆ ಬಿಟ್ಟ ಕೆಲಸ.

ಆರು ವಾರ ತಯಾರಿ.
ಟವೆಲು ಸುತ್ತಿ ಮಂಡಿಯಡಿ ಇಟ್ಟು ಒತ್ತು, ಐದು ಎಣಿಸು, ಬಿಡು.
ಹಲ್ಲು ತೋರಿಸಿಕೊಂಡು ಬಾ, ಎಂದರು;
ಹುಳುಕಿನ ನಂಜು ಹೊಸ ಕೀಲನ್ನು ಹುಡುಕಿಕೊಂಡು ಹೋಗುತ್ತದಂತೆ.
ಕೀಲಿಗಾಗಿ ಎರಡು ಹಲ್ಲು ಕೀಳಿಸಿದೆ.
ಡೊರಿಂಡಾ ಜಮಖಾನೆ ಸುತ್ತಿಟ್ಟಳು, ಎಡವೀಯೆ ಎಂದು;
ನಾನೇ ಹಾಕಿದ ನೆಲ ಹದಿನೆಂಟು ವರ್ಷದ ಮೇಲೆ ಬೆಳಕು ಕಂಡಿತು.
ಕುರ್ಚಿಯ ಕಾಲಿಗೆ ಮರದ ಕೊರಡು ಕೊಟ್ಟು ಎತ್ತರಿಸಿದಳು.
ರಸಮಟ್ಟ ಇಟ್ಟು ನೋಡಿದೆ: ಗುಳ್ಳೆ ನಡುವಿಗೆ ಬರಲಿಲ್ಲ.
ಬೈದಳು. ಆಮೇಲೆ ಬಂತು.

ಆ ಬೆಳಿಗ್ಗೆ ಎಡತೊಡೆಯ ಮೇಲೆ ಮಸಿಯ ಬಾಣ ಬರೆದರು,
ನಾನು ಸುಣ್ಣದ ಗೆರೆ ಎಳೆಯುವ ಹಾಗೆ.
ಬೆನ್ನಿಗೆ ಸೂಜಿ. ಸೊಂಟದಿಂದ ಕೆಳಗೆ ನನ್ನದಲ್ಲ.
ಹಸಿರು ಪರದೆಯಾಚೆ ಗರಗಸ, ಆಮೇಲೆ ಸುತ್ತಿಗೆ:
ಮೂರು ಸಣ್ಣ ಏಟು, ತುಸು ತಡೆದು ಒಂದು ದೊಡ್ಡದು.
ಪಳಗಿದ ಕೈ, ಅಂದುಕೊಂಡೆ.
ಸಿಮೆಂಟಿನ ವಾಸನೆ ಬಂತು, ನಮ್ಮದಲ್ಲ, ಉಗುರುಬಣ್ಣದಂಥದ್ದು.
“ಹದಕ್ಕೆ ಎಷ್ಟು ಹೊತ್ತು?”
“ಹತ್ತು ನಿಮಿಷ. ಅಲುಗಾಡಬೇಡಿ.”
ಎಷ್ಟು ಮನೆಯವರಿಗೆ ನಾನು ಹೇಳಿಲ್ಲ,
ನಾಳೆ ಸಂಜೆಯ ತನಕ ಯಾರೂ ಮೆಟ್ಟಬೇಡಿ ಎಂದು!
ಇವರು ಬೆಳಗಾಗುತ್ತಲೇ ಎಬ್ಬಿಸಿ, ಮೆಟ್ಟು ಎಂದರು.

ಒಲೆಯಿಂದ ಆಗಷ್ಟೇ ತೆಗೆದ ಬ್ರೆಡ್ಡಿನ ಹಾಗೆ ಊದಿತ್ತು, ಸುಡುತ್ತಿತ್ತು.
ಮೂರನೆಯ ರಾತ್ರಿ ಅತ್ತೆ.
ಅದರ ಬಗ್ಗೆ ಇಷ್ಟು ಸಾಕು.

ಜುಲ್ಮೀರಾ ಬರುತ್ತಾಳೆ, ಕೋನ ಅಳೆಯುವ ಪ್ಲಾಸ್ಟಿಕ್ಕಿನ ಪಟ್ಟಿ ಹಿಡಿದು.
ಬಗ್ಗಿಸು. ಅರವತ್ತೆರಡು. ಅರವತ್ತೆಂಟು.
ಒಂದು ವಾರ ಪೂರ್ತಿ ಎಪ್ಪತ್ತೊಂದು.
ತೊಂಬತ್ತು ಬೇಕು, ಅನ್ನುತ್ತಾಳೆ, ಕುರ್ಚಿಯಿಂದ ತಾನೇ ಏಳಲು.
ತೊಂಬತ್ತು!
ಬಾಳೆಲ್ಲ ಚೀಲದಲ್ಲಿ ತೊಂಬತ್ತನ್ನೇ ಹೊತ್ತು ತಿರುಗಿದವನು ನಾನು,
ಕೋಣೆಯ ಮೂಲೆ ಎಂಬತ್ತೊಂಬತ್ತಿದ್ದರೆ
ಮನೆಯೊಡೆಯನ ಮುಂದೆಯೇ ನಕ್ಕವನು.
ಮೂಲೆಮಟ್ಟ ತರಿಸಿ ಮಂಡಿಯ ಹಿಂದೆ ಇಟ್ಟೆ.
ನಡುವೆ ಬೆಳಕು, ಮೂರು ಬೆರಳಗಲ.
ದಿನಾ ಇಟ್ಟೆ. ಎರಡು ಬೆರಳು. ಒಂದು. ಒಂದೇ.
ಐದನೆಯ ವಾರ, ಗುರುವಾರ, ಬೆಳಕು ಮುಚ್ಚಿತು.

ನಮ್ಮದು ಮೆಟ್ಟಿಲುಗಳ ಊರು.
ಹತ್ತುವಾಗ ಹಳೆಯ ಕಾಲು ಮೊದಲು, ಇಳಿಯುವಾಗ ಹೊಸದು.
ನವೆಂಬರಿನಲ್ಲಿ ಬೇಕರಿಯವರೆಗೆ ಇಳಿದೆ,
ಊರುಗೋಲು ತಟ್ಟುತ್ತ: ಟಕ್, ಟಕ್,
ಟೊಳ್ಳು.
ಗಾಜಿನ ಪೆಟ್ಟಿಗೆಯ ಎದುರು, ಮೂರನೆಯ ಸಾಲು. ನನ್ನದೇ ಕೈ.

ಮಂಡಿಯೂರಬಹುದೇ ಎಂದು ಡಾಕ್ಟರನ್ನು ಕೇಳಿದ್ದೆ.
ಊರಬಹುದು, ಮುರಿಯುವುದಿಲ್ಲ; ನಿಮಗೆ ಹಿಡಿಸುವುದಿಲ್ಲ, ಅಷ್ಟೆ.
ಗಾಯದ ಹೊರಬದಿಗೆ ಅಂಗೈಯಗಲ ಚರ್ಮ ಇನ್ನೂ ಯಾರದೋ.

ಅದೆರಿತುಗೆ ಫೋನು ಮಾಡಿದೆ, ಕರಣೆ ತಾ ಎಂದು.
ಕುರ್ಚಿ ಎಳೆದು ಕೂತೆ, ಕಾಲು ಚಾಚಿ.
ಹುಡುಗ ಮಂಡಿಯೂರಿದ. ಮೊದಲು ಅದರಡಿಗೆ ಏನಾದರೂ ಹಾಕಿಕೋ, ಅಂದೆ.
ಇನ್ನು ಅಂಚಿನಿಂದ, ನಿಧಾನ, ಎಬ್ಬಿಸು.
ಪಕ್ಕದ್ದು ಗಟ್ಟಿ ಇದೆ,
ಅದನ್ನು ನೋಯಿಸಬೇಡ.